ಮಿಂಚಿದ್ದು ಗುರುವಾರ, ಆಸ್ಪತ್ರೆಗೆ ಹೋಗಿದ್ದು ಸೋಮವಾರ

ಗುರುವಾರ ರಾತ್ರಿ ಹನ್ನೊಂದೂವರೆ. ಮಾರನೇ ದಿನ ರಿಲೀಸ್. ಲ್ಯಾಪ್‌ಟಾಪ್ ಮುಚ್ಚಿ, ಲೈಟ್ ಆರಿಸಿ ಮಲಗಿದೆ. ಬಲಗಣ್ಣಿನ ಅಂಚಿನಲ್ಲಿ ಪಕ್ಕನೆ ಒಂದು ಮಿಂಚು ಹೊಡೆಯಿತು. ಕಿಟಕಿ ಆಚೆ ಯಾರೋ ಫೋಟೋ ತೆಗೆದರೇನೋ ಅಂದುಕೊಂಡೆ. ಆದರೆ ನಾವಿರೋದು ನಾಲ್ಕನೇ ಮಹಡಿ. ಕಣ್ಣು ಮುಚ್ಚಿಕೊಂಡೆ, ಆಗಲೂ ಮಿಂಚಿತು. ತಲೆ ಆ ಕಡೆ ಈ ಕಡೆ ತಿರುಗಿಸಿದಾಗಲೆಲ್ಲ ಮಿಂಚು. ಸದ್ದಿಲ್ಲ, ನೋವಂತೂ ಇಲ್ಲವೇ ಇಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಬಾತ್‌ರೂಮಿನ ಬಿಳಿ ಟೈಲ್ಸ್ ಮೇಲೆ ಕಪ್ಪು ಚುಕ್ಕಿಗಳು ಹಾರಾಡ್ತಿವೆ. ಸೊಳ್ಳೆ ಅಂತ ಕೈ ಬೀಸಿದೆ. ಕಣ್ಣು ಹೋದ ಕಡೆಗೆಲ್ಲ ಅವೂ ಬಂದವು.

ನಾನು ಮಾಡಿದ ಮೊದಲ ಕೆಲಸ, ನೀವೂ ಮಾಡುತ್ತಿದ್ದ ಕೆಲಸವೇ. ಫೋನ್ ತೆಗೆದು ಹುಡುಕಿದೆ. ‘ಸಾಮಾನ್ಯವಾಗಿ ಅಪಾಯವಿಲ್ಲ’ ಅನ್ನೋ ಸಾಲು ಸಿಕ್ಕಿತು. ನನಗೆ ಬೇಕಿದ್ದದ್ದೂ ಅದೇ ಸಾಲು. ಅದರ ಕೆಳಗೆ ‘ಆದರೆ’ ಅಂತ ಶುರುವಾಗೋ ಪ್ಯಾರಾ ಇತ್ತು. ಅದನ್ನ ಓದಲಿಲ್ಲ. ಒಂಬತ್ತೂವರೆಗೆ ಸ್ಟ್ಯಾಂಡಪ್ ಕಾಲ್ ಇತ್ತು.

ಶುಕ್ರವಾರ ರಿಲೀಸ್ ಆಯಿತು. ಶನಿವಾರ ಮಧ್ಯಾಹ್ನದ ತನಕ ನಿದ್ದೆ ಮಾಡಿದೆ. ಸಂಜೆ ಹೊತ್ತಿಗೆ ಬಲಗಣ್ಣಿನ ಕೆಳಮೂಲೆಯಲ್ಲಿ, ಮೂಗಿನ ಕಡೆಗೆ, ಏನೋ ಬೂದು ನೆರಳು ಅಡ್ಡ ಬಂದ ಹಾಗಾಯಿತು. ಕಣ್ಣು ತೊಳೆದೆ. ಭಾನುವಾರ ಎಡಗಣ್ಣು ಮುಚ್ಚಿಕೊಂಡು ಮಾನಿಟರ್ ನೋಡಿದೆ. ಸ್ಕ್ರೀನಿನ ಕೆಳಗಿನ ಎಡಮೂಲೆಯಲ್ಲಿ ಇರಬೇಕಾದ ಸ್ಟಾರ್ಟ್ ಬಟನ್ ಇಲ್ಲ. ಟಾಸ್ಕ್‌ಬಾರ್ ಅರ್ಧದಿಂದ ಶುರುವಾಗ್ತಿದೆ. ನಗಬೇಡಿ, ಒಂದು ಕ್ಷಣ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆಗೆದು ನೋಡಿದವನು ನಾನು.

ಸೋಮವಾರ ಬೆಳಿಗ್ಗೆ ಆ ನೆರಳು ಮಧ್ಯಕ್ಕೆ ಬಂದಿತ್ತು. ರೂಮ್‌ಮೇಟ್ ಮುಖ ನೋಡಿದರೆ ಕಿವಿ ಕಾಣ್ತದೆ, ಮೂಗು ಕಾಣಲ್ಲ. ಮನೆ ಹತ್ತಿರದ ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ ಎರಡೇ ಪ್ರಶ್ನೆ ಕೇಳಿ ಮೆಷಿನ್ ಆಫ್ ಮಾಡಿದಳು. ‘ಸರ್, ಇಲ್ಲಿ ಟೈಮ್ ವೇಸ್ಟ್ ಮಾಡ್ಬೇಡಿ, ರೆಟಿನಾ ಡಾಕ್ಟರ್ ಹತ್ರ ಈಗ್ಲೇ ಹೋಗಿ. ಗಾಡಿ ಓಡಿಸ್ಬೇಡಿ, ಆಟೋದಲ್ಲಿ ಹೋಗಿ’ ಅಂದಳು. ನನ್ನ ಈ ಇಡೀ ಕತೆಯಲ್ಲಿ ಒಂದು ನಿಮಿಷವನ್ನೂ ಹಾಳು ಮಾಡದವಳು ಅವಳೊಬ್ಬಳೇ. ಪರೀಕ್ಷೆಯ ದುಡ್ಡೂ ತಗೊಳ್ಳಲಿಲ್ಲ.

ಎಳನೀರಿನ ಗಂಜಿ

ನಮ್ಮೂರು ತಿಪಟೂರು ಕಡೆ. ಅಪ್ಪನದು ತೆಂಗಿನ ತೋಟ. ಹಾಗಾಗಿ ನನಗೆ ಕಣ್ಣು ಅರ್ಥವಾಗಿದ್ದು ತೆಂಗಿನಕಾಯಿಯಿಂದಲೇ. ಎಳನೀರು ಒಡೆದಾಗ ಚಿಪ್ಪಿನ ಒಳಗೋಡೆಗೆ ತೆಳ್ಳಗೆ ಗಂಜಿ ಅಂಟಿಕೊಂಡಿರುತ್ತಲ್ಲ, ರೆಟಿನಾ ಕಣ್ಣಿನೊಳಗೆ ಹಾಗೆ ಅಂಟಿಕೊಂಡಿರುವ ಪದರ. ಕನ್ನಡದಲ್ಲಿ ಅಕ್ಷಿಪಟಲ. ದಪ್ಪ ಸುಮಾರು ಕಾಲು ಮಿಲಿಮೀಟರ್. ಅದರ ನಟ್ಟನಡುವೆ ಮ್ಯಾಕ್ಯುಲಾ ಅನ್ನುವ ಪುಟ್ಟ ಜಾಗ. ನೀವು ಈಗ ಈ ಅಕ್ಷರ ಓದುತ್ತಿರೋದು, ಮುಖ ಗುರುತು ಹಿಡಿಯೋದು, ಸೂಜಿಗೆ ದಾರ ಪೋಣಿಸೋದು, ಎಲ್ಲ ಅಷ್ಟೇ ಅಗಲದ ಜಾಗದಿಂದ. ಉಳಿದ ರೆಟಿನಾ ಸುತ್ತಮುತ್ತ ನೋಡುವುದಕ್ಕೆ.

ಎಳನೀರಲ್ಲಿ ನೀರಿದ್ದ ಹಾಗೆ ಕಣ್ಣಿನ ಒಳಗೆ ವಿಟ್ರಿಯಸ್ ಅನ್ನುವ ಲೋಳೆ ತುಂಬಿರುತ್ತದೆ. ವಯಸ್ಸಾದಂತೆ ಅದು ನೀರಾಗಿ ಕುಗ್ಗಿ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಐವತ್ತು-ಅರವತ್ತು ದಾಟಿದ ಮೇಲೆ ಆಗುವಂಥದ್ದು, ಹೆಚ್ಚಿನವರಿಗೆ ಏನೂ ತೊಂದರೆಯಾಗದೆ ಮುಗಿಯುತ್ತದೆ. ಆದರೆ ಎಲ್ಲಾದರೂ ಲೋಳೆ ಬಿಗಿಯಾಗಿ ಅಂಟಿದ್ದರೆ, ಬಿಡಿಸಿಕೊಳ್ಳುವಾಗ ರೆಟಿನಾವನ್ನೂ ಜಗ್ಗುತ್ತದೆ. ರೆಟಿನಾಗೆ ನೋವು ಗೊತ್ತಾಗಲ್ಲ. ಅದಕ್ಕೆ ಗೊತ್ತಿರುವ ಒಂದೇ ಭಾಷೆ ಬೆಳಕು. ಜಗ್ಗಿದರೆ ಮಿದುಳಿಗೆ ‘ಬೆಳಕು’ ಅಂತಲೇ ಸುದ್ದಿ ಕಳಿಸುತ್ತದೆ. ಗುರುವಾರ ರಾತ್ರಿ ನಾನು ಕಂಡ ಮಿಂಚು ಅದು. ಜಗ್ಗಿ ಜಗ್ಗಿ ಹರಿದಾಗ ಉದುರಿದ ಕಣಗಳ ನೆರಳೇ ಶುಕ್ರವಾರದ ಸೊಳ್ಳೆಗಳು. ಹರಿದ ಜಾಗದಿಂದ ನೀರು ರೆಟಿನಾದ ಹಿಂದೆ ನುಗ್ಗಿ, ಗಂಜಿ ಚಿಪ್ಪಿನಿಂದ ಏಳುವ ಹಾಗೆ ಪದರವೇ ಏಳತೊಡಗಿತು. ಶನಿವಾರದ ನೆರಳು ಅದು. ಕಣ್ಣಿನಲ್ಲಿ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಮೇಲ್ಗಡೆ ಕಿವಿಯ ಪಕ್ಕ ಎದ್ದ ರೆಟಿನಾ ನನಗೆ ಕೆಳಗೆ ಮೂಗಿನ ಪಕ್ಕ ಕತ್ತಲಾಗಿ ಕಂಡಿತು.

ಮೂವತ್ತಕ್ಕೇ ಯಾಕೆ? ನನಗೆ ಆರನೇ ಕ್ಲಾಸಿನಿಂದ ಕನ್ನಡಕ. ಇಂಜಿನಿಯರಿಂಗ್ ಮುಗಿಯುವಷ್ಟರಲ್ಲಿ ಮೈನಸ್ ಏಳೂವರೆ. ಸೋಡಾಬುಡ್ಡಿ ಅನ್ನಿಸಿಕೊಂಡೇ ಬೆಳೆದವನು. ಕೆಲಸ ಸಿಕ್ಕ ಮೇಲೆ ಮೊದಲು ಉಳಿಸಿದ ದುಡ್ಡಲ್ಲಿ ಲೇಸಿಕ್ ಮಾಡಿಸಿಕೊಂಡೆ. ಕನ್ನಡಕ ಹೋಯಿತು, ಅಲ್ಲಿಗೆ ನನ್ನ ಕಣ್ಣು ಸರಿಯಾಯಿತು ಅಂತ ನಂಬಿಬಿಟ್ಟೆ. ಲೇಸಿಕ್ ಮುಟ್ಟುವುದು ಕಣ್ಣಿನ ಮುಂಭಾಗದ ಕಾರ್ನಿಯಾವನ್ನು ಮಾತ್ರ. ಮೈನಸ್ ಪವರ್ ಇರುವವರ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ, ಒಳಗಿನ ರೆಟಿನಾ ಹಿಗ್ಗಿ ತೆಳುವಾಗಿರುತ್ತದೆ. ಅದು ಲೇಸಿಕ್ ಆದ ಮೇಲೂ ಹಾಗೇ ಇರುತ್ತದೆ. ವರ್ಷಕ್ಕೊಮ್ಮೆ ರೆಟಿನಾ ತೋರಿಸಿ ಅಂತ ಅವರು ಬರೆದೇ ಕೊಟ್ಟಿದ್ದರು. ಆ ಕಾಗದ ಈಗಲೂ ನನ್ನ ಫೈಲಿನಲ್ಲಿದೆ, ಮಡಿಕೆ ಬಿಚ್ಚದೆ.

ಮೂರು ಚಿತ್ರಗಳು

ಆಸ್ಪತ್ರೆಯಲ್ಲಿ ಮೊದಲು ಪಾಪೆ ಅಗಲವಾಗುವ ಡ್ರಾಪ್ಸ್ ಹಾಕಿ ಅರ್ಧ ಗಂಟೆ ಕೂರಿಸಿದರು. ಆಮೇಲೆ ಅಗಲ ಕೋನದ ಕ್ಯಾಮೆರಾದಲ್ಲಿ ಒಂದು ಫೋಟೋ. ನನ್ನ ಎಡಗಣ್ಣಿನ ಒಳಗು ಕಿತ್ತಳೆ ಬಣ್ಣದಲ್ಲಿ, ರಕ್ತನಾಳಗಳು ಕೊಂಬೆಗಳ ಹಾಗೆ ಹರಡಿ ಚೆಂದವಾಗಿತ್ತು. ಬಲಗಣ್ಣಿನ ಫೋಟೋದಲ್ಲಿ ಮೇಲಿನ ಭಾಗವೆಲ್ಲ ಬೂದು ಬಣ್ಣ, ಒಗೆದು ಹಿಂಡಿದ ಪಂಚೆ ತರಹ ನಿರಿಗೆ. ಅದರ ನಡುವೆ ಕುದುರೆ ಲಾಳದ ಆಕಾರದ ಒಂದು ಕೆಂಪು ಸೀಳು.

ಎರಡನೆಯದು ಚಿತ್ರವಲ್ಲ, ಡಾಕ್ಟರ್ ಮೇಡಂ ಸ್ವತಃ ನೋಡಿದ್ದು. ನನ್ನನ್ನು ಮಲಗಿಸಿ, ಹಣೆಗೆ ಗಣಿ ಕೆಲಸದವರ ಹಾಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಲೆನ್ಸ್ ಹಿಡಿದು, ರೆಪ್ಪೆಯ ಮೇಲೆ ಚಿಕ್ಕ ಕಡ್ಡಿಯಿಂದ ಒತ್ತುತ್ತಾ ಮೂಲೆ ಮೂಲೆ ಹುಡುಕಿದರು. ಕಣ್ಣಿನೊಳಗೆ ನಶ್ಯದ ಪುಡಿ ಹಾಗೆ ಕಂದು ಕಣಗಳು ತೇಲ್ತಿವೆ ಅಂದರು. ಅದು ಕಂಡರೆ ಎಲ್ಲೋ ಹರಿದಿದೆ ಅಂತಲೇ ಲೆಕ್ಕವಂತೆ. ಇಷ್ಟೊಂದು ಮೆಷಿನ್ ಇದ್ದೂ ಕೈಯಲ್ಲಿ ಯಾಕೆ ಹುಡುಕ್ತೀರಿ ಅಂತ ಕೇಳಿದೆ. ‘ಒಂದು ಸೀಳು ಸಿಕ್ತು ಅಂತ ನಿಲ್ಲಿಸೋ ಹಾಗಿಲ್ಲ, ಇನ್ನೊಂದು ಉಳಿದುಬಿಟ್ರೆ ಮತ್ತೆ ಏಳುತ್ತೆ’ ಅಂದರು. ಬಗ್ ಒಂದು ಸಿಕ್ಕಿದ ಕೂಡಲೇ ಟಿಕೆಟ್ ಕ್ಲೋಸ್ ಮಾಡುವ ನಮ್ಮ ಟೀಮ್ ನೆನಪಾಯಿತು.

ಮೂರನೆಯದು ಓಸಿಟಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ನನ್ನಂಥವನಿಗೆ ಇಷ್ಟವಾಗುವ ಮೆಷಿನ್ ಅದು. ಗಲ್ಲ ಇಟ್ಟು ಒಂದು ಚುಕ್ಕಿ ನೋಡಬೇಕು, ಮೂರು-ನಾಲ್ಕು ಸೆಕೆಂಡು, ಕಣ್ಣಿಗೆ ಏನೂ ತಾಗುವುದಿಲ್ಲ. ಹೊರಗೆ ಬರುವುದು ರೆಟಿನಾದ ಅಡ್ಡಸೀಳು ಚಿತ್ರ, ಕೇಕ್ ಕತ್ತರಿಸಿ ಪಕ್ಕದಿಂದ ನೋಡಿದ ಹಾಗೆ, ಒಂದೊಂದು ಪದರವೂ ಬೇರೆ. ಅಲ್ಟ್ರಾಸೌಂಡ್‌ನಲ್ಲಿ ಶಬ್ದದ ಪ್ರತಿಧ್ವನಿ ಎಷ್ಟು ಹೊತ್ತಿಗೆ ವಾಪಸ್ ಬಂತು ಅಂತ ಅಳೆಯುತ್ತಾರೆ. ಬೆಳಕಿಗೆ ಹಾಗೆ ಗಡಿಯಾರ ಹಿಡಿಯಲು ಆಗಲ್ಲ, ಅದು ಅಷ್ಟು ವೇಗ. ಹಾಗಾಗಿ ಕಣ್ಣಿಂದ ವಾಪಸ್ ಬಂದ ಬೆಳಕನ್ನು ಕನ್ನಡಿಯಿಂದ ವಾಪಸ್ ಬಂದ ಬೆಳಕಿನ ಜೊತೆ ಸೇರಿಸಿ, ಎರಡು ಅಲೆಗಳು ಕೂಡುವ ರೀತಿಯಿಂದ ಆಳ ಲೆಕ್ಕ ಹಾಕುತ್ತಾರೆ. ಪಿಯುಸಿ ಫಿಸಿಕ್ಸಿನ ಇಂಟರ್‌ಫಿಯರೆನ್ಸ್ ಪಾಠ, ಬಾಯಿಪಾಠ ಮಾಡಿ ಮರೆತದ್ದು. ಎಂಐಟಿಯಲ್ಲಿ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದು 1991ರಲ್ಲಿ. ಈ ಮೂವರಿಗೆ 2023ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಅದಕ್ಕೂ ಮೊದಲು, 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ಇಣುಕುವ ಆಫ್ತಾಲ್ಮೋಸ್ಕೋಪ್ ಪ್ರಕಟಿಸುವ ತನಕ, ಜೀವಂತ ಮನುಷ್ಯನ ರೆಟಿನಾವನ್ನು ವೈದ್ಯರು ಸರಿಯಾಗಿ ನೋಡಲೂ ಆಗುತ್ತಿರಲಿಲ್ಲ.

ಎಡಗಣ್ಣಿನ ಓಸಿಟಿಯಲ್ಲಿ ಮ್ಯಾಕ್ಯುಲಾದ ನಡುವೆ ಮೆತ್ತಗಿನ ಒಂದು ತಗ್ಗು, ಅದು ಹಾಗೇ ಇರಬೇಕು. ಬಲಗಣ್ಣಿನದರಲ್ಲಿ ಆ ತಗ್ಗಿನ ಅಡಿಯಲ್ಲಿ ಕಪ್ಪು ಖಾಲಿ ಜಾಗ. ಅದು ನೀರು. ಮ್ಯಾಕ್ಯುಲಾ ತನ್ನ ಜಾಗದಿಂದ ಎದ್ದಿತ್ತು.

‘ಇದು ನಿನ್ನೆ ರಾತ್ರಿ ಎದ್ದಿರ್ಬಹುದು. ಮಿಂಚು ಯಾವತ್ತು ಶುರುವಾಯ್ತು?’

‘ಗುರುವಾರ.’

ಮೇಡಂ ಬೈಯಲಿಲ್ಲ. ‘ಶುಕ್ರವಾರ ಬಂದಿದ್ರೆ ಬರೀ ಸೀಳು ಇರ್ತಿತ್ತೇನೋ. ಸುತ್ತ ಲೇಸರ್ ಹಾಕಿ ಮನೆಗೆ ಕಳಿಸ್ತಿದ್ವಿ, ಓಪಿಡಿಯಲ್ಲೇ. ನಿನ್ನೆ ಬಂದಿದ್ರೂ ಸರ್ಜರಿ ಬೇಕಾಗ್ತಿತ್ತು, ಆದ್ರೆ ಮ್ಯಾಕ್ಯುಲಾ ಉಳೀತಿತ್ತು’ ಅಂತ ಹೇಳಿ ಫೈಲಿನಲ್ಲಿ ‘ಮ್ಯಾಕ್ಯುಲಾ ಆಫ್’ ಅಂತ ಬರೆದರು. ಪದರವನ್ನು ಮತ್ತೆ ಅಂಟಿಸಬಹುದು. ಆದರೆ ಎದ್ದ ಹೊತ್ತಿನಲ್ಲಿ ಕೆಳಗಿನಿಂದ ಆಮ್ಲಜನಕ ಸಿಗದೆ ಸತ್ತ ಜೀವಕೋಶಗಳು ವಾಪಸ್ ಬರುವುದಿಲ್ಲ. ಎಷ್ಟು ಸತ್ತಿವೆ ಅಂತ ಅಂಟಿಸಿದ ಮೇಲೆಯೇ ಗೊತ್ತಾಗುವುದು.

ಪಕ್ಕದ ಕುರ್ಚಿಯ ಮೆಕ್ಯಾನಿಕ್

ಊರಿಗೆ ಫೋನ್ ಮಾಡಿ ಕಣ್ಣಿಗೆ ಆಪರೇಷನ್ ಅಂದೆ. ಅಮ್ಮ, ‘ಈ ವಯಸ್ಸಿಗೇ ಪೊರೆ ಬಂತಾ ಮಗಾ?’ ಅಂದಳು. ನಮ್ಮ ಮನೆಯಲ್ಲಿ ಕಣ್ಣಿನ ಆಪರೇಷನ್ ಅಂದರೆ ಪೊರೆ ತೆಗೆಯೋದು, ಅದೊಂದೇ. ಅಜ್ಜಿಗೆ ಡಾ. ಎಂ. ಸಿ. ಮೋದಿ ಅವರ ಶಿಬಿರದಲ್ಲಿ ಪೊರೆ ತೆಗೆದಿದ್ದನ್ನು ಅಮ್ಮ ಈಗಲೂ ಹೇಳುತ್ತಾಳೆ. ಪೊರೆಯಾದರೆ ಹಳೇ ಲೆನ್ಸ್ ತೆಗೆದು ಹೊಸದು ಹಾಕಬಹುದು, ರೆಟಿನಾ ಬದಲಿಸುವ ಹಾಗಿಲ್ಲಮ್ಮ ಅಂತ ವಿವರಿಸಲು ಹೋಗಿ ಅವಳನ್ನು ಇನ್ನಷ್ಟು ಹೆದರಿಸಿದೆ. ರಾತ್ರಿ ಬಸ್ಸಿಗೆ ಹೊರಟು ಬಂದೇಬಿಟ್ಟಳು.

ಮಂಗಳವಾರ ಬೆಳಿಗ್ಗೆ ಆಪರೇಷನ್ ಥಿಯೇಟರ್ ಹೊರಗೆ ಹಸಿರು ಗೌನ್ ಹಾಕಿಕೊಂಡು ಕೂತಿದ್ದೆವು. ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬ ಗ್ಯಾರೇಜ್ ಮೆಕ್ಯಾನಿಕ್. ಜಾಮ್ ಆದ ಬೇರಿಂಗ್ ಬಿಡಿಸಲು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದಿದ್ದಾರೆ. ಏನೋ ಚುರುಕ್ ಅಂದಿದೆ, ಸೊಳ್ಳೆ ಕಚ್ಚಿದ ಹಾಗೆ. ಕನ್ನಡಿಯಲ್ಲಿ ನೋಡಿದರೆ ಚೂರು ಕೆಂಪು, ಅಷ್ಟೇ. ‘ಮಧ್ಯಾಹ್ನದವರೆಗೂ ಕೆಲಸ ಮಾಡ್ದೆ ಸಾರ್. ಊಟಕ್ ಕೂತಾಗ ಮಂಜು ಮಂಜಾಯ್ತು.’

ಸಿಟಿ ಸ್ಕ್ಯಾನ್‌ನಲ್ಲಿ ಕಣ್ಣಿನೊಳಗೆ ಎಳ್ಳುಕಾಳಿನಷ್ಟು ಉಕ್ಕಿನ ಚೂರು ಕಂಡಿತಂತೆ. ಉಳಿಯ ತಲೆಯಿಂದ ಸಿಡಿದದ್ದು. ಎಮ್ಆರ್‌ಐ ಇಲ್ಲಿ ಮಾಡುವಂತಿಲ್ಲ. ಅದರ ಅಯಸ್ಕಾಂತ ಕಬ್ಬಿಣವನ್ನು ಎಳೆದು ಕಣ್ಣೊಳಗೆ ಇನ್ನಷ್ಟು ಹರಿದೀತು. ಒಳಗೆ ಬಿಟ್ಟರೆ ಸೋಂಕಾಗಬಹುದು. ಸೋಂಕಾಗದಿದ್ದರೂ ಕಬ್ಬಿಣ ನಿಧಾನಕ್ಕೆ ಕರಗಿ ರೆಟಿನಾಗೆ ವಿಷವಾಗುತ್ತದೆ. ನನಗೆ ಮಾಡುವ ಸರ್ಜರಿಯನ್ನೇ ಅವರಿಗೂ ಮಾಡಿ, ಪುಟ್ಟ ಇಕ್ಕಳದಿಂದಲೋ ಅಯಸ್ಕಾಂತದಿಂದಲೋ ಚೂರನ್ನು ಹೊರತೆಗೆಯುವುದು.

ನರ್ಸ್ ಹೇಳಿದ ಒಂದು ಮಾತು ಇಲ್ಲಿ ಬರೆದಿಡ್ತೀನಿ, ಇದು ನನಗೆ ಗೊತ್ತಿರಲಿಲ್ಲ. ಕಣ್ಣಿಗೆ ಆಸಿಡ್, ಸುಣ್ಣ ಬಿದ್ದರೆ ತಕ್ಷಣ ನೀರು ಹಾಕಿ ಹಾಕಿ ತೊಳೆಯಬೇಕು. ಆದರೆ ಚೂರು ನುಗ್ಗಿದೆ, ಕಣ್ಣು ಸೀಳಿದೆ ಅನ್ನೋ ಅನುಮಾನ ಇದ್ದರೆ ತೊಳೆಯಬಾರದು, ಉಜ್ಜಬಾರದು, ಎದೆಹಾಲು ಹರಳೆಣ್ಣೆ ಅಂತ ಏನನ್ನೂ ಹಾಕಬಾರದು. ಒತ್ತಡ ಬೀಳದ ಹಾಗೆ ಒಂದು ಪೇಪರ್ ಲೋಟ ಕವಚಿ, ಅಂಚು ಮೂಳೆಯ ಮೇಲೆ ಕೂರುವಂತೆ ಟೇಪ್ ಹಾಕಿ ಆಸ್ಪತ್ರೆಗೆ ಹೊರಡಬೇಕು. ದೀಪಾವಳಿಯಲ್ಲಿ ಪಟಾಕಿ ಸಿಡಿದಾಗಲೂ ಅಷ್ಟೇ. ಪ್ರತಿ ವರ್ಷ ಬೆಂಗಳೂರಿನ ಮಿಂಟೋ ಆಸ್ಪತ್ರೆ ಹಬ್ಬಕ್ಕೆ ಮೊದಲೇ ಹಾಸಿಗೆ ಸಿದ್ಧ ಮಾಡಿಟ್ಟುಕೊಳ್ಳುವ ಸುದ್ದಿ ನೋಡಿಯೇ ಇರ್ತೀರಿ. ಅಲ್ಲಿ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನಿಂತು ನೋಡುತ್ತಿದ್ದವರೂ ಇರುತ್ತಾರೆ.

ಮೆಕ್ಯಾನಿಕ್ ಅಣ್ಣನನ್ನು ಒಳಗೆ ಕರೆದಾಗ ನನ್ನ ಕೈ ಹಿಡಿದುಕೊಂಡರು. ‘ನೂರೈವತ್ತು ರೂಪಾಯಿ ಕನ್ನಡಕ ಸಾರ್, ಗೋಡೆಗೆ ನೇತಾಕಿದ್ದೆ’ ಅಂದರು. ಆಮೇಲೆ ಅವರನ್ನು ನೋಡಲಿಲ್ಲ.

ಕಣ್ಣಿನೊಳಗೆ ಸಬ್‌ಸ್ಟೇಷನ್ ಗ್ಯಾಸು

ಸರ್ಜರಿಯ ಹೆಸರು ವಿಟ್ರೆಕ್ಟಮಿ. ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು ಕಣ್ಣನ್ನು ಮಾತ್ರ ಮರಗಟ್ಟಿಸಿದರು, ನಾನು ಎಚ್ಚರ. ಬಿಳಿಗುಡ್ಡೆಯಲ್ಲಿ ಅರ್ಧ ಮಿಲಿಮೀಟರಿನಷ್ಟು ಸಣ್ಣ ಮೂರು ತೂತು. ಒಂದರಲ್ಲಿ ನೀರು ಬಿಡುವ ಕೊಳವೆ, ಕಣ್ಣು ಕುಸಿಯದಿರಲಿ ಅಂತ. ಒಂದರಲ್ಲಿ ದೀಪ. ಇನ್ನೊಂದರಲ್ಲಿ ಕಟರ್. ಅದು ನಿಮಿಷಕ್ಕೆ ಸಾವಿರಾರು ಸಲ ಕತ್ತರಿಸುತ್ತಾ ಲೋಳೆಯನ್ನು ಹೀರುತ್ತದೆ. ಅಷ್ಟು ವೇಗ ಯಾಕೆಂದರೆ ಕತ್ತರಿಸದೆ ಎಳೆದರೆ ರೆಟಿನಾ ಮತ್ತೆ ಹರಿಯುತ್ತದೆ. ನನಗೆ ಮಸುಕಾಗಿ ಕಾಣುತ್ತಿತ್ತು. ಅಕ್ವೇರಿಯಂ ಒಳಗಿಂದ ನೋಡಿದ ಹಾಗೆ, ಒಂದು ಕಪ್ಪು ಕಡ್ಡಿ ಬಂದು ಹೋಗಿ ಮಾಡುತ್ತಿತ್ತು. ಯಾರೋ ಎಫ್ಎಂನಲ್ಲಿ ಹಳೇ ಹಾಡು ಹಾಕಿದ್ದರು. ಭಯವಾಗಲಿಲ್ಲ ಅಂದರೆ ಸುಳ್ಳು.

ಲೋಳೆ ತೆಗೆದು, ಹಿಂದಿನ ನೀರು ಹೀರಿ, ಪದರವನ್ನು ಚಪ್ಪಟೆ ಮಾಡಿ, ಸೀಳಿನ ಸುತ್ತ ಲೇಸರ್ ಚುಕ್ಕಿ ಹಾಕಿದರು. ಆ ಚುಕ್ಕಿಗಳು ಗಾಯದ ಗುರುತಾಗಿ ಗಟ್ಟಿಯಾಗಲು ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ ಒಳಗಿನಿಂದ ಒತ್ತಿ ಹಿಡಿಯಲು ಗ್ಯಾಸ್ ತುಂಬುತ್ತಾರೆ. ಯಾವ ಗ್ಯಾಸ್ ಅಂತ ಕೇಳಿದೆ. ಸಲ್ಫರ್ ಹೆಕ್ಸಾಫ್ಲೋರೈಡ್ ಅಂದರು. ಎಲೆಕ್ಟ್ರಿಕಲ್ ಬ್ರಾಂಚಿನಲ್ಲಿ ಓದಿದವರಿಗೆ ಗೊತ್ತು, ಹೈವೋಲ್ಟೇಜ್ ಸಬ್‌ಸ್ಟೇಷನ್ನಿನ ಸರ್ಕ್ಯೂಟ್ ಬ್ರೇಕರ್‌ಗಳಲ್ಲಿ ಕಿಡಿ ಆರಿಸಲು ತುಂಬುವ ಎಸ್‌ಎಫ್6 ಇದೇ.

ಸೀಳು ಮುಚ್ಚಿದರೆ ಪದರ ಕೂರುತ್ತದೆ ಅನ್ನುವುದನ್ನು ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಜೂಲ್ ಗೊನಿನ್, ಸುಮಾರು ನೂರು ವರ್ಷದ ಹಿಂದೆ. ಅದಕ್ಕೂ ಮೊದಲು ರೆಟಿನಾ ಎದ್ದವರನ್ನು ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಅಕ್ಕಪಕ್ಕ ಮರಳು ಮೂಟೆ ಇಟ್ಟು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. ಹೆಚ್ಚಿನವರ ಕಣ್ಣು ಹೋಗುತ್ತಿತ್ತು. ಕಣ್ಣಿನೊಳಗಿನ ಲೋಳೆಗೆ ಕೈಹಾಕಲೇಬಾರದು ಅನ್ನುವ ಹಳೇ ನಂಬಿಕೆ ಮುರಿದದ್ದು 1970ರ ಸುಮಾರಿಗೆ, ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ವಿಟ್ರೆಕ್ಟಮಿ ಉಪಕರಣ ಮಾಡಿದಾಗ. ಶುರುವಿನಲ್ಲಿ ಅವರು ಮೊಟ್ಟೆಯ ಬಿಳಿ ಲೋಳೆಯ ಮೇಲೆ ಪ್ರಯೋಗ ಮಾಡಿದ್ದರು. ಈಗ ಹತ್ತರಲ್ಲಿ ಎಂಟು-ಒಂಬತ್ತು ಜನಕ್ಕೆ ಒಂದೇ ಸರ್ಜರಿಯಲ್ಲಿ ರೆಟಿನಾ ಕೂರುತ್ತದೆ.

ಸರ್ಜರಿ ಮುಗಿಯಿತು ಅಂದುಕೊಂಡರೆ ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ. ಗ್ಯಾಸ್ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಅದು ರೆಟಿನಾವನ್ನು ಒತ್ತಬೇಕು ಅಂದರೆ ಮುಖ ಕೆಳಗಿರಬೇಕು. ಮೊದಲ ಮೂರು ದಿನ ಹಗಲೂ ರಾತ್ರಿ ಬೋರಲು, ಆಮೇಲೆ ಒಂದು ವಾರ ಎಡ ಮಗ್ಗುಲು. ಊಟ, ಟಾಯ್ಲೆಟ್ ಬಿಟ್ಟರೆ ತಲೆ ಎತ್ತುವ ಹಾಗಿಲ್ಲ. ದಿಂಬಿನಲ್ಲಿ ಮುಖ ಹುದುಗಿಸಿದರೆ ಉಸಿರು ಕಟ್ಟುತ್ತದೆ. ಆನ್‌ಲೈನಲ್ಲಿ ಸಿಗುವ ದಿಂಬು ನಾಲ್ಕು ದಿನ ಬಿಟ್ಟು ಬರುವುದಿತ್ತು. ಅಮ್ಮ ನೋಡಿದಳು, ತನ್ನ ಹಳೇ ಹತ್ತಿ ಸೀರೆ ತೆಗೆದು ಸುತ್ತಿ ಸುತ್ತಿ ದೊಡ್ಡದೊಂದು ಸಿಂಬೆ ಮಾಡಿದಳು. ನೀರಿನ ಕೊಡ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುವ ಸಿಂಬೆ, ಅದೇ. ಹಣೆ, ಕೆನ್ನೆ ಅದರ ಮೇಲೆ, ಮೂಗು ನಡುವಿನ ತೂತಿನಲ್ಲಿ. ಚೆಕಪ್‌ಗೆ ಹೋದಾಗ ನರ್ಸ್ ಅದರ ಫೋಟೋ ತೆಗೆದುಕೊಂಡರು, ಬೇರೆ ಪೇಷೆಂಟ್‌ಗಳಿಗೆ ತೋರಿಸಲು.

ಮೂರು ದಿನ ನೆಲದ ಟೈಲ್ಸ್ ನೋಡಿಕೊಂಡು ಮಲಗಿದವನಿಗೆ ಲೆಕ್ಕ ಹಾಕುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಶುಕ್ರವಾರದ ರಿಲೀಸಿನಲ್ಲಿ ನನ್ನ ಪಾಲು ಎರಡು ಸ್ಕ್ರೀನ್ ಮತ್ತು ಒಂದು ಬಟನ್ನಿನ ಬಣ್ಣ. ನಾನು ರಜೆ ಹಾಕಿದ್ದರೆ ಪಕ್ಕದ ಸೀಟಿನವಳು ಒಂದು ಗಂಟೆಯಲ್ಲಿ ಮುಗಿಸುತ್ತಿದ್ದಳು. ಯಾರೂ ನನ್ನನ್ನು ಹಿಡಿದು ಕೂರಿಸಿರಲಿಲ್ಲ, ಮ್ಯಾನೇಜರ್‌ಗೆ ನಾನು ಹೇಳಿಯೇ ಇರಲಿಲ್ಲ.

ಕೈಗೆ ಒಂದು ಪಟ್ಟಿ ಕಟ್ಟಿದ್ದರು: ಕಣ್ಣಿನಲ್ಲಿ ಗ್ಯಾಸ್ ಇದೆ, ವಿಮಾನ ಬೇಡ, ಎತ್ತರದ ಜಾಗ ಬೇಡ, ಅನಸ್ತೇಶಿಯಾ ಕೊಡುವವರು ನೈಟ್ರಸ್ ಆಕ್ಸೈಡ್ ಕೊಡಬೇಡಿ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಗ್ಯಾಸ್ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರಿ ನರಕ್ಕೆ ಹೋಗುವ ರಕ್ತವೇ ನಿಲ್ಲಬಹುದು. ಗೆಳೆಯನ ಮದುವೆ ಮಂಗಳೂರಿನಲ್ಲಿತ್ತು. ವಿಮಾನ ಬೇಡ, ಬಸ್ಸಲ್ಲಿ ಹೋಗ್ತೀನಿ ಅಂದೆ. ‘ಇಳಿಯೋದು ಸರಿ, ಶಿರಾಡಿ ಘಾಟ್ ಹತ್ತಿ ವಾಪಸ್ ಬರೋದು ಹೇಗೆ?’ ಅಂದರು ಮೇಡಂ. ಮದುವೆಯನ್ನು ವಿಡಿಯೋ ಕಾಲಿನಲ್ಲಿ ನೋಡಿದೆ, ಫೋನನ್ನು ನೆಲದ ಮೇಲಿಟ್ಟುಕೊಂಡು.

ಎರಡನೇ ವಾರ ಗ್ಯಾಸ್ ಕರಗುತ್ತಾ ಬಂದಾಗ ನೋಟದ ಮೇಲ್ಭಾಗದಿಂದ ಸ್ವಲ್ಪ ಸ್ವಲ್ಪ ಜಗತ್ತು ಕಾಣಿಸತೊಡಗಿತು. ಕೆಳಗೆ ಗ್ಯಾಸಿನ ಗೆರೆ, ತಲೆ ಓರೆ ಮಾಡಿದರೆ ಗೆರೆಯೂ ಅಲ್ಲಾಡುವುದು, ಗಾರೆ ಕೆಲಸದವರ ರಸಮಟ್ಟದ ಹಾಗೆ. ಗೆರೆ ಗುಳ್ಳೆಯಾಯಿತು, ಗುಳ್ಳೆ ಬಟಾಣಿಯಾಯಿತು. ಒಂದು ದಿನ ಬೆಳಿಗ್ಗೆ ಇರಲಿಲ್ಲ.

ರೆಟಿನಾ ಕೂತಿತು. ಮೂರು ತಿಂಗಳಿಗೆ ನೋಟ 6/12. ಅಂದರೆ ಬೇರೆಯವರು ಹನ್ನೆರಡು ಮೀಟರಿನಿಂದ ಓದುವುದನ್ನು ಆ ಕಣ್ಣು ಆರು ಮೀಟರಿನಿಂದ ಓದುತ್ತದೆ. ನೇರ ಗೆರೆಗಳು ಮಧ್ಯದಲ್ಲಿ ಚೂರು ಸೊಟ್ಟ. ಕೋಡ್ ಎಡಿಟರಿನ ಗೆರೆಗಳು ಒಂದು ಜಾಗದಲ್ಲಿ ಬಾಗಿಕೊಳ್ಳುತ್ತವೆ, ಕಣ್ಣು ಆಡಿಸಿದರೆ ಆ ಬಾಗು ಮುಂದಿನ ಸಾಲಿಗೆ ಹೋಗುತ್ತದೆ. ಮುಂದೆ ಆ ಕಣ್ಣಿಗೆ ಪೊರೆ ಬೇಗ ಬರಬಹುದಂತೆ. ಎಡಗಣ್ಣಲ್ಲೂ ಎರಡು ತೆಳು ಜಾಗ ಸಿಕ್ಕಿದವು. ಸುತ್ತ ಲೇಸರ್ ಹಾಕಿದರು, ಓಪಿಡಿಯಲ್ಲೇ, ಹದಿನೈದು ನಿಮಿಷ. ಹೊರಗೆ ಬಂದು ಕಾಫಿ ಕುಡಿದೆ.

ಅಪ್ಪನ ಫೋಟೋ

ಇಷ್ಟಾದ ಮೇಲೆ ಅಪ್ಪನನ್ನು ಬಿಡಲಿಲ್ಲ. ಹದಿನಾಲ್ಕು ವರ್ಷದಿಂದ ಶುಗರ್. ರೆಟಿನಾ ಒಮ್ಮೆಯೂ ತೋರಿಸಿಲ್ಲ. ‘ನನ್ ಕಣ್ಗೇನಾಗಿದೆ? ಕನ್ನಡಕ ಇಲ್ದೆ ಬಸ್ ಬೋರ್ಡ್ ಓದ್ತೀನಿ’ ಅಂದ. ನನಗಾದರೆ ಮಿಂಚು, ಚುಕ್ಕಿ, ನೆರಳು ಅಂತ ಮೂರು ಅಲಾರಂ ಹೊಡೆದಿತ್ತು. ಶುಗರ್ ಕಣ್ಣಿಗೆ ಹಾಗಲ್ಲ. ರಕ್ತನಾಳಗಳು ವರ್ಷಗಟ್ಟಲೆ ಸೋರುತ್ತಿದ್ದರೂ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಸಾಕಷ್ಟು ಹಾಳಾಗಿರುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ, ಚೆನ್ನಾಗಿ ಕಾಣುತ್ತಿರುವಾಗಲೇ, ರೆಟಿನಾ ನೋಡಿಸಿ ಅನ್ನುವುದು.

ಅಪ್ಪನ ಫೋಟೋದಲ್ಲಿ ಕಿತ್ತಳೆಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕಿಗಳು, ಅಲ್ಲಲ್ಲಿ ಹಳದಿ ಕಲೆ. ಓಸಿಟಿಯಲ್ಲಿ ಎಡಗಣ್ಣಿನ ಮ್ಯಾಕ್ಯುಲಾ ಊದಿತ್ತು. ಎಲ್ಲಿ ಸೋರುತ್ತಿದೆ ಅಂತ ನೋಡಲು ಕೈಯ ನರಕ್ಕೆ ಫ್ಲೋರೊಸಿನ್ ಬಣ್ಣ ಕೊಟ್ಟು ಫೋಟೋ ತೆಗೆದರು. ಇಂಡಿಯಾನಾದ ನೊವಾಟ್ನಿ, ಆಲ್ವಿಸ್ ಅನ್ನುವ ಇಬ್ಬರು ಮೆಡಿಕಲ್ ವಿದ್ಯಾರ್ಥಿಗಳು 1961ರಲ್ಲಿ ಪ್ರಕಟಿಸಿದ ವಿಧಾನ ಇದು. ಸಂಜೆ ಅಪ್ಪ ಬಾತ್‌ರೂಮಿನಿಂದ ಗಾಬರಿಯಾಗಿ ಬಂದ, ಮೂತ್ರ ಗಾಢ ಹಳದಿ. ಹೀಗಾಗುತ್ತೆ ಅಂತ ಮೊದಲೇ ಹೇಳಿದ್ದರು, ಅವನು ಕೇಳಿಸಿಕೊಂಡಿರಲಿಲ್ಲ. ನನ್ನಪ್ಪನೇ ಅಲ್ವಾ.

ಈಗ ಕಣ್ಣಿನೊಳಗೆ ಇಂಜೆಕ್ಷನ್ ಶುರುವಾಗಿದೆ, ಸದ್ಯಕ್ಕೆ ತಿಂಗಳಿಗೊಂದು. ಬೆವಾಸಿಝುಮ್ಯಾಬ್ ಅನ್ನುವ ಔಷಧ, ಮೂಲದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಬಂದದ್ದು. ಅದೇ ಕೆಲಸದ ಬೇರೆ ಔಷಧಗಳಿಗಿಂತ ಖರ್ಚು ಕಡಿಮೆ. ಕಣ್ಣಿಗೆ ಸೂಜಿ ಅಂದಾಗ ಅಪ್ಪ ಬೆವರಿದ್ದ. ಆಮೇಲೆ ‘ಇಷ್ಟೇನಾ, ಇರುವೆ ಕಚ್ಚಿದಂಗೆ’ ಅಂದ.

ಈ ಫೋಟೋಗೆ ಡಾಕ್ಟರ್ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ನಮ್ಮ ರಾಜ್ಯದಲ್ಲೇ ಕಿಡ್‌ರಾಪ್ ಅನ್ನುವ ಕಾರ್ಯಕ್ರಮ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಮತ್ತು ತಂಡ 2008ರಲ್ಲಿ ಶುರು ಮಾಡಿದ್ದು. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳ ರೆಟಿನಾ ಹಾಳಾಗುವ ಕಾಯಿಲೆಗೆ ಕೆಲವೇ ದಿನಗಳ ಗಡುವು. ತರಬೇತಾದ ಟೆಕ್ನಿಶಿಯನ್‌ಗಳು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೆ ಹೋಗಿ ಫೋಟೋ ತೆಗೆದು ಅಪ್‌ಲೋಡ್ ಮಾಡುತ್ತಾರೆ, ತಜ್ಞರು ದೂರದಿಂದಲೇ ನೋಡಿ ಯಾರಿಗೆ ಲೇಸರ್ ಬೇಕು ಅಂತ ಹೇಳುತ್ತಾರೆ. ಶುಗರ್ ಇರುವ ನಮ್ಮೂರಿನ ಎಲ್ಲ ಅಪ್ಪಂದಿರಿಗೂ ಇಂಥದ್ದೊಂದು ಕ್ಯಾಮೆರಾ ಹೋಬಳಿಗೊಂದು ಇದ್ದಿದ್ದರೆ ಅಂತ ಅನ್ನಿಸುತ್ತದೆ. ನಮ್ಮ ಆಫೀಸಿನಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಉಪಯೋಗದ ಆ್ಯಪ್‌ಗಳಿಗೆ ಹಗಲುರಾತ್ರಿ ಕೂತಿದ್ದೀವಿ.

ಅಪ್ಪನ ಮೂರನೇ ಇಂಜೆಕ್ಷನ್ ಮುಂದಿನ ವಾರ. ನಿನ್ನೆ ರಾತ್ರಿ ಫೋನ್ ಮಾಡಿದ್ದ.

‘ಅವತ್ತು ಮಂಡಿಯಲ್ಲಿ ಕೊಬ್ಬರಿ ಹರಾಜು ಕಣೋ. ರೇಟು ಚೆನ್ನಾಗೈತೆ. ಅದೊಂದು ಮುಗಿಸ್ಕೊಂಡು ಆಮೇಲಿನ ವಾರ ಬಂದ್ರಾಗಲ್ವಾ?’

‘ಕೊಬ್ಬರಿ ಚೀಲ ಲೋಡ್ ಮಾಡಿಸಿ ಇಡು. ಹರಾಜಿಗೆ ನಾನು ನಿಲ್ತೀನಿ. ನೀನು ಅಮ್ಮನ ಜೊತೆ ಬೆಳಿಗ್ಗೆ ಟ್ರೇನ್ ಹತ್ತು’ ಅಂದೆ. ಆ ದಿನ ನಮಗೆ ರಿಲೀಸ್ ಇದೆ. ರಜೆ ಅರ್ಜಿ ಹಾಕಿದ್ದೇನೆ.